ಯಾರೂ ಎಲೆ ಹಾಕದವರು

ನಾವಿರುವ ಬ್ಲಾಕಿನ ಕೆಳಗೆ, ಕಾರುಗಳು ನಿಲ್ಲುವ ಜಾಗಕ್ಕೂ ರಸ್ತೆಗೂ ನಡುವೆ, ಒಂದು ಹುಲ್ಲಿನ ಪಟ್ಟಿಯಿದೆ. ವರ್ಷಕ್ಕೊಂದು ತಿಂಗಳು ಅಲ್ಲಿ ಬೂದಿ ಹಾರುತ್ತದೆ. ಚೀನೀ ಪಂಚಾಂಗದ ಏಳನೇ ತಿಂಗಳು, ನಮ್ಮ ಲೆಕ್ಕಕ್ಕೆ ಆಗಸ್ಟ್‌ ಸೆಪ್ಟೆಂಬರ್ ಹೊತ್ತು. ಸಿಂಗಾಪುರಕ್ಕೆ ಬಂದ ಹೊಸತರಲ್ಲಿ ನನಗೆ ಇದು ಗೊತ್ತಿರಲಿಲ್ಲ. ಒಂದು ಸಂಜೆ ತರಕಾರಿ ಚೀಲ ಹಿಡಿದು ಫೋನ್ ನೋಡುತ್ತಾ ಬರುವಾಗ ಯಾರೋ ತೋಳು ಹಿಡಿದು ಪಕ್ಕಕ್ಕೆಳೆದರು. ಮೂರನೇ ಮಹಡಿಯ ಆಂಟಿ.

"ಗರ್ಲ್, ಅಲ್ಲಿ ನಿಲ್ಲಬೇಡ. ಅವರು ಊಟಕ್ಕೆ ಕೂತಿದ್ದಾರೆ."

ಕೆಳಗೆ ನೋಡಿದೆ. ನನ್ನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಕಾಗದದ ತಟ್ಟೆ. ಅದರಲ್ಲಿ ಅನ್ನ, ಹುರಿದ ತೋಫು, ಮೂರು ಕಿತ್ತಳೆ ಹಣ್ಣು. ಪುಟ್ಟ ಬಟ್ಟಲುಗಳಲ್ಲಿ ಚಹಾ. ಮಣ್ಣಿಗೆ ಚುಚ್ಚಿದ ಊದುಕಡ್ಡಿಗಳು, ಎರಡು ಕೆಂಪು ಮೇಣದಬತ್ತಿ. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು.

ನಾನು ಪುತ್ತೂರು ಕಡೆಯ ಹಳ್ಳಿಯವಳು. ಆಟಿ ತಿಂಗಳ ಮಳೆಯಲ್ಲಿ ಅಜ್ಜಿ ಒಳಕೋಣೆಯಲ್ಲಿ ಕುಡಿ ಬಾಳೆಲೆ ಹಾಕಿ, ಸತ್ತವರಿಗೆ ಬಡಿಸಿ, ಬಾಗಿಲು ಮುಂದೆ ಮಾಡಿ ಹೊರಗೆ ಬಂದು ಕೂರುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಕುಲೆಗಳಿಗೆ ಬಳಸುವುದು ಅನ್ನುತ್ತೇವೆ ನಾವು. ಅವರು ಉಣ್ಣುವಾಗ ಮಕ್ಕಳು ಸದ್ದು ಮಾಡಬಾರದು. ಹಾಗಾಗಿ ಆಂಟಿ ಹೇಳಿದ ಮಾತು ನನಗೆ ಒಂದಿಷ್ಟೂ ವಿಚಿತ್ರ ಅನ್ನಿಸಲಿಲ್ಲ. ವಿಚಿತ್ರ ಅನ್ನಿಸಿದ್ದು ಒಂದೇ. ನಮ್ಮಲ್ಲಿ ಎಲೆ ಹಾಕುವುದು ಮನೆಯೊಳಗೆ, ಮನೆಯವರಿಗೆ. ಇಲ್ಲಿ ಇವರು ಬೀದಿಯಲ್ಲಿ ಯಾರಿಗೆ ಬಡಿಸುತ್ತಿದ್ದಾರೆ?

ಕೇಳಿದೆ. "ಯಾರೂ ಇಲ್ಲದವರಿಗೆ," ಅಂದರು ಆಂಟಿ. ಈ ತಿಂಗಳು ಸತ್ತವರು ನಮ್ಮ ನಡುವೆ ಓಡಾಡುತ್ತಾರೆ ಅನ್ನುವುದು ಇಲ್ಲಿನ ನಂಬಿಕೆ.

ಚೀನೀಯರ ದೆವ್ವ ಅಂದ ಕೂಡಲೇ ನಮಗೆ ನೆನಪಾಗುವುದು ಸಿನಿಮಾದ ದೆವ್ವ. ಬಿಳಿ ಬಟ್ಟೆ, ಮುಖ ಮುಚ್ಚಿದ ಕೂದಲು, ಲಿಫ್ಟಿನಲ್ಲಿ, ಮೆಟ್ಟಿಲ ತಿರುವಿನಲ್ಲಿ, ಫೋನಿನ ಪರದೆಯಲ್ಲಿ ಕಾಣಿಸಿಕೊಂಡು ಕತ್ತು ಹಿಸುಕುವಂಥದ್ದು. ಸೇಡಿನ ದೆವ್ವಕ್ಕೆ ಚೀನೀ ಭಾಷೆಯಲ್ಲಿ ಬೇರೆಯೇ ಹೆಸರಿದೆ, ಲೀ ಗ್ವೇಯ್. ಆ ಹೆಸರನ್ನು ಈ ತಿಂಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಜ್ಜಿ ರಾತ್ರಿ ಹೊತ್ತು ಹಾವಿನ ಹೆಸರೆತ್ತದೆ 'ಹುಳ' ಅನ್ನುತ್ತಿದ್ದ ಹಾಗೆ, ಇಲ್ಲಿನವರು ಹೊಕ್ಕಿಯೆನ್ ಎಂಬ ಚೀನೀ ನುಡಿಯಲ್ಲಿ 'ಹೋ ಹಿಯಾ ತಿ' ಅನ್ನುತ್ತಾರೆ. ಒಳ್ಳೆಯ ಅಣ್ಣತಮ್ಮಂದಿರು ಅಂತ ಅರ್ಥ. ಹೆದರಿಕೆಯೂ ಇರುವ ಮರ್ಯಾದೆಯ ಮಾತು ಅದು. ಆದರೆ ಹೆದರಿಕೆಯವರನ್ನು ಅಣ್ಣತಮ್ಮ ಅನ್ನಲು ಒಂದು ಜನಕ್ಕೆ ತೋಚಿತಲ್ಲ, ಅದು ನನ್ನನ್ನು ಬಹಳ ದಿನ ಕಾಡಿತು.

ಲೀ ಗ್ವೇಯ್ ಹುಟ್ಟುವುದು ಹೇಗೆ ಅಂತ ಓದುತ್ತಾ ಹೋದಾಗ ಎರಡೂವರೆ ಸಾವಿರ ವರ್ಷ ಹಿಂದಿನ ಒಂದು ಪ್ರಸಂಗ ಸಿಕ್ಕಿತು. ಇವತ್ತಿನ ಹೆನಾನ್ ಪ್ರಾಂತ್ಯದಲ್ಲಿದ್ದ ಝೆಂಗ್ ಎಂಬ ಪುಟ್ಟ ರಾಜ್ಯ. ಅಲ್ಲಿ ಬೋಯೂ ಅಂತ ಒಬ್ಬ ಮಂತ್ರಿ. ಒಳ್ಳೆಯವನೇನಲ್ಲ, ನೆಲಮಾಳಿಗೆ ಕಟ್ಟಿಸಿಕೊಂಡು ರಾತ್ರಿಯಿಡೀ ಗಂಟೆ ಬಾರಿಸುತ್ತಾ ಕುಡಿಯುತ್ತಿದ್ದವನು. ಮನೆತನಗಳ ಜಗಳದಲ್ಲಿ ಕ್ರಿ.ಪೂ. 543ರಲ್ಲಿ ಅವನನ್ನು ಕುರಿ ಸಂತೆಯಲ್ಲಿ ಕೊಂದರು. ಕೆಲವು ವರ್ಷಗಳ ಮೇಲೆ ಊರಿನಲ್ಲಿ ಭಯ ಶುರುವಾಯಿತು. ಯಾರಾದರೂ "ಬೋಯೂ ಬಂದ!" ಅಂದರೆ ಸಾಕು, ಜನ ಎತ್ತ ಅಂತ ಗೊತ್ತಿಲ್ಲದೆ ಓಡುತ್ತಿದ್ದರು. ಒಬ್ಬನ ಕನಸಿನಲ್ಲಿ ಬೋಯೂ ಕವಚ ತೊಟ್ಟು ಬಂದು, ಇಂಥ ದಿನ ಇಂಥವನನ್ನು ಕೊಲ್ಲುತ್ತೇನೆ, ಬರುವ ವರ್ಷ ಇಂಥ ದಿನ ಇನ್ನೊಬ್ಬನನ್ನು ಕೊಲ್ಲುತ್ತೇನೆ ಅಂದ. ಹೇಳಿದ ದಿನಕ್ಕೆ ಸರಿಯಾಗಿ ಇಬ್ಬರೂ ಸತ್ತರು.

ಆಗ ಆ ರಾಜ್ಯದ ಆಡಳಿತ ನಡೆಸುತ್ತಿದ್ದವನು ಜಿಚಾನ್. ದಂಡನೆಯ ಕಾನೂನನ್ನು ಕಂಚಿನಲ್ಲಿ ಎರಕ ಹೊಯ್ಯಿಸಿ ಎಲ್ಲರಿಗೂ ಕಾಣುವಂತೆ ಮಾಡಿದವನು. ಕನಸು ಬಿದ್ದದ್ದೂ ಅದೇ ವರ್ಷ. ಇಂಥ ಮನುಷ್ಯ ಏನು ಮಾಡಿಯಾನು? ಮಂತ್ರವಾದಿಯನ್ನು ಕರೆಸಲಿಲ್ಲ, ಊರಿನವರಿಗೆ ಬುದ್ಧಿವಾದವನ್ನೂ ಹೇಳಲಿಲ್ಲ. ಬೋಯೂನ ಮಗನನ್ನು ಕರೆದು ಅಪ್ಪನ ಸ್ಥಾನ ಕೊಟ್ಟ. ಅಪ್ಪನಿಗೆ ಎಡೆ ಇಡಲು ಮನೆಯೊಂದು ಮತ್ತೆ ಎದ್ದು ನಿಂತಿತು. ಗಲಾಟೆ ನಿಂತುಹೋಯಿತು. ಯಾಕೆ ಹೀಗೆ ಮಾಡಿದೆ ಅಂತ ಕೇಳಿದವನಿಗೆ ಜಿಚಾನ್ ಕೊಟ್ಟ ಉತ್ತರ ಇಷ್ಟೇ: ಹೋಗಿ ಸೇರಲು ಒಂದು ಜಾಗ ಇದ್ದರೆ ದೆವ್ವ ಕೇಡು ಮಾಡುವುದಿಲ್ಲ, ನಾನು ಅವನಿಗೆ ಆ ಜಾಗ ಮಾಡಿಕೊಟ್ಟೆ.

ಆಮೇಲೆ ಬೇರೆ ರಾಜ್ಯದವರು, ಬೋಯೂಗೆ ದೆವ್ವವಾಗುವಷ್ಟು ಶಕ್ತಿ ನಿಜಕ್ಕೂ ಇತ್ತೇ ಅಂತ ಕೇಳಿದಾಗ ಅವನು ಹೇಳಿದ್ದು ಇನ್ನೂ ದೊಡ್ಡ ಮಾತು. ಸಾಮಾನ್ಯ ಗಂಡಸು, ಸಾಮಾನ್ಯ ಹೆಂಗಸು ಕೂಡ, ಅಕಾಲದಲ್ಲಿ ಹಿಂಸೆಗೆ ಸಿಕ್ಕಿ ಸತ್ತರೆ ಇನ್ನೊಬ್ಬರನ್ನು ಹಿಡಿದು ಕಾಡಬಲ್ಲರು. ಹೀಗಿರುವಾಗ ಮೂರು ತಲೆಮಾರು ಅಧಿಕಾರ ಉಂಡ ಮನೆಯವನದ್ದು ಏನು ಕೇಳುತ್ತೀರಿ, ಅಂದ. ಬದುಕಿದ್ದಾಗ ಸಾಮಾನ್ಯ ಹೆಂಗಸಿಗೆ ಯಾವ ಕಚೇರಿಯಲ್ಲೂ ಸಿಗದ ಹಕ್ಕು ಸತ್ತ ಮೇಲೆ ಸಿಗುತ್ತದೆ ಅಂತ ಆಳುವವನೊಬ್ಬ ಒಪ್ಪಿಕೊಂಡ ಹಾಗಾಯಿತು.

ಈ ವಿಚಾರ ಮುಂದೆ ಸರ್ಕಾರದ ಕೆಲಸವೂ ಆಯಿತು. ಮಿಂಗ್ ವಂಶದ ಮೊದಲ ಚಕ್ರವರ್ತಿಯ ಕಾಲದಲ್ಲಿ, ದಿಕ್ಕಿಲ್ಲದೆ ಸತ್ತವರಿಗಾಗಿ ಜಿಲ್ಲೆ ಜಿಲ್ಲೆಯಲ್ಲೂ ಒಂದು ಕಟ್ಟೆ ಇರಬೇಕು, ವರ್ಷಕ್ಕೆ ಮೂರು ಸಲ ಅಲ್ಲಿ ಅಧಿಕಾರಿಯೇ ನಿಂತು ಎಡೆ ಇಡಿಸಬೇಕು ಅಂತ ಆಜ್ಞೆಯಾಯಿತು. ಯುದ್ಧದಲ್ಲಿ ಸತ್ತವರು, ಬೆಂಕಿ ನೀರಿಗೆ ಸಿಕ್ಕವರು, ಹಸಿದು ಸತ್ತವರು, ಮಕ್ಕಳಿಲ್ಲದೆ ಹೋದವರು, ಎಲ್ಲರ ಪಾಲಿಗೂ ಆ ಕಟ್ಟೆ. ಇದರ ಜೊತೆಗೆ ಬೌದ್ಧರ ಕಥೆಯೊಂದು ಸೇರಿಕೊಂಡಿದೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ತನ್ನ ತಾಯಿ ಪ್ರೇತವಾಗಿ ಹಸಿದಿರುವುದನ್ನು ಕಂಡು ಅನ್ನ ಒಯ್ಯುತ್ತಾನೆ. ಬಾಯಿಗಿಡುವಷ್ಟರಲ್ಲಿ ತುತ್ತು ಕೆಂಡವಾಗುತ್ತದೆ. ಮಳೆಗಾಲದ ವ್ರತ ಮುಗಿಸಿದ ಭಿಕ್ಷುಗಳಿಗೆಲ್ಲ ಉಣಬಡಿಸಿದ ಮೇಲೆಯೇ ಅವಳ ಬಿಡುಗಡೆ. ಏಳನೇ ತಿಂಗಳ ಹದಿನೈದನೇ ದಿನದ ಹಬ್ಬಕ್ಕೆ ಇವೆಲ್ಲ ಕೂಡಿಕೊಂಡಿವೆ. ಆಂಟಿಗೆ ನಮ್ಮ ಮಹಾಲಯದ ಬಗ್ಗೆ ಹೇಳಿದಾಗ ಅವರು ತಲೆಯಾಡಿಸಿ, "ಅಮ್ಮಂದಿರು ಎಲ್ಲ ಕಡೆಯೂ ಹಸಿದೇ ಇರುತ್ತಾರೆ," ಅಂದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೀರಿನ ದೆವ್ವದ ಕಥೆ. ಮುಳುಗಿ ಸತ್ತವರ ಜೀವ ಆ ನೀರಿಗೇ ಕಟ್ಟಿಬಿದ್ದಿರುತ್ತದಂತೆ. ಇನ್ನೊಬ್ಬರನ್ನು ಎಳೆದುಕೊಂಡು ತನ್ನ ಜಾಗದಲ್ಲಿ ಬಿಟ್ಟರೆ ಮಾತ್ರ ಬಿಡುಗಡೆ. ಈ ತಿಂಗಳಲ್ಲಿ ಮಕ್ಕಳನ್ನು ಈಜಲು ಬಿಡದ ಮನೆಗಳು ಇಲ್ಲಿ ಈಗಲೂ ಇವೆ. ಪೂ ಸೊಂಗ್‌ಲಿಂಗ್ (1640–1715) ಈ ನಂಬಿಕೆಯ ಮೇಲೊಂದು ಕಥೆ ಬರೆದಿಟ್ಟಿದ್ದಾನೆ. ಬೆಸ್ತನೊಬ್ಬ ರಾತ್ರಿ ಬಲೆ ಹಾಕುವ ಮೊದಲು ಹೊಳೆಗೆ ಒಂದಿಷ್ಟು ಮದ್ಯ ಸುರಿದು, "ಮುಳುಗಿದವರೆಲ್ಲ ಕುಡಿಯಿರಿ" ಅನ್ನುತ್ತಿದ್ದ. ಒಂದು ರಾತ್ರಿ ತರುಣನೊಬ್ಬ ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಕುಡಿದರು. ತರುಣ ಕೆಳಗಿನಿಂದ ಮೀನು ಅಟ್ಟಿಕೊಟ್ಟ, ಬಲೆ ತುಂಬಿತು. ಹೀಗೆ ಅರ್ಧ ವರ್ಷದ ಗೆಳೆತನವಾದ ಮೇಲೆ ತರುಣ ನಿಜ ಹೇಳಿದ. ನಾನು ಕುಡಿದು ಇದೇ ಹೊಳೆಗೆ ಬಿದ್ದು ಸತ್ತವನು, ನಾಳೆ ಮಧ್ಯಾಹ್ನ ನನ್ನ ಬದಲಿಗೆ ಒಬ್ಬಳು ಬರುತ್ತಾಳೆ, ನಾನು ಹೊರಟೆ.

ಮರುದಿನ ಬೆಸ್ತ ದಡದಲ್ಲಿ ಕಾದ. ಕೂಸನ್ನೆತ್ತಿಕೊಂಡ ಹೆಂಗಸು ಬಂದಳು, ಹೊಳೆಗೆ ಬಿದ್ದಳು. ಕೂಸು ದಡದ ಮೇಲೆ ಕೈಕಾಲು ಬಡಿಯುತ್ತಾ ಅತ್ತಿತು. ಅವಳು ಮುಳುಗಿದಳು, ಎದ್ದಳು, ಮತ್ತೆ ಮುಳುಗಿದಳು. ಆಮೇಲೆ ಹೇಗೋ ಒದ್ದೆಯಾಗಿ ದಡ ಹತ್ತಿ, ಸ್ವಲ್ಪ ಸುಧಾರಿಸಿಕೊಂಡು, ಕೂಸನ್ನು ಎತ್ತಿಕೊಂಡು ಹೊರಟೇ ಹೋದಳು. ರಾತ್ರಿ ತರುಣ ಎಂದಿನಂತೆ ಬಂದು ಕೂತ. ಕೂಸನ್ನು ನೋಡಿ ಕನಿಕರ ಬಂತು, ನನ್ನೊಬ್ಬನಿಗಾಗಿ ಎರಡು ಜೀವ ಹೋಗುವುದು ಬೇಡ ಅನ್ನಿಸಿ ಬಿಟ್ಟುಬಿಟ್ಟೆ ಅಂದ. ಇದನ್ನು ಕಂಡ ಮೇಲಿನವರು ಅವನನ್ನು ದೂರದ ಒಂದು ಊರಿನ ಗ್ರಾಮದೇವರನ್ನಾಗಿ ಮಾಡಿದರು ಅಂತ ಕಥೆ ಮುಂದುವರಿಯುತ್ತದೆ.

ಇದರಲ್ಲಿ ಬೆಸ್ತ ಸುರಿದ ಮದ್ಯವನ್ನು ಮರೆಯಬೇಡಿ. ಅವನಿಗೆ ಆ ದೆವ್ವದ ಹೆಸರು ಗೊತ್ತಿರಲಿಲ್ಲ. ದೆವ್ವವೊಂದು ಇದೆ ಅಂತಲೂ ಗೊತ್ತಿರಲಿಲ್ಲ. ಆದರೂ ಪ್ರತಿ ರಾತ್ರಿ ಮೊದಲ ಗುಟುಕು ಕಾಣದವರಿಗೆ. ದೆವ್ವಕ್ಕೆ ಕರುಣೆ ಹುಟ್ಟಿದ್ದು ಕೂಸನ್ನು ನೋಡಿದಾಗ ನಿಜ. ಆದರೆ ಅದಕ್ಕೂ ಅರ್ಧ ವರ್ಷ ಮೊದಲೇ ಒಬ್ಬ ಅದನ್ನು ಮನುಷ್ಯನಂತೆ ಕೂರಿಸಿಕೊಂಡು ಕುಡಿಸಿದ್ದ.

ಹಳೆಯ ಕಾಲದ ಕಥೆ ಇರಲಿ, ನಮ್ಮ ಕಾಲಕ್ಕೆ ಬರುತ್ತೇನೆ.

ತೈವಾನಿನ ಕಾವ್‌ಶುಂಗ್ ಬಂದರಿನ ಎದುರಿಗೆ ಚಿಜಿನ್ ಅಂತ ಉದ್ದನೆಯ ದ್ವೀಪವಿದೆ. 1966ರಲ್ಲಿ ಬಂದರಿನ ಈಚೆ ದಡದಲ್ಲಿ ರಫ್ತಿನ ಕಾರ್ಖಾನೆಗಳ ವಲಯ ಶುರುವಾಯಿತು. ದ್ವೀಪದ ಹುಡುಗಿಯರು ಬೆಳಿಗ್ಗೆ ದೋಣಿ ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು. 1973ರ ಸೆಪ್ಟೆಂಬರ್ 3ರ ಬೆಳಿಗ್ಗೆ ಆ ದೋಣಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ. ಅದು ಹೊರಬಹುದಾದ ಜನಕ್ಕಿಂತ ಎಷ್ಟೋ ಪಾಲು ಹೆಚ್ಚು. ತಡವಾದರೆ ಸಂಬಳ ಕಡಿತ ಅಂತ ಎಲ್ಲರಿಗೂ ಅವಸರ. ದೋಣಿ ಮುಳುಗಿತು. ಸತ್ತವರು 25 ಜನ. 25 ಮಂದಿಯೂ ಹುಡುಗಿಯರು, 25 ಮಂದಿಯೂ ಮದುವೆಯಾಗದವರು.

ಚೀನೀ ಸಂಪ್ರದಾಯದಲ್ಲಿ, ಸತ್ತ ಮಗಳ ಹೆಸರಿನ ಪೂಜೆಯ ಫಲಕಕ್ಕೆ ಅಪ್ಪನ ಮನೆಯ ದೇವರ ಮಂಟಪದಲ್ಲಿ ಜಾಗವಿಲ್ಲ. ಅವಳ ಜಾಗ ಗಂಡನ ಮನೆಯಲ್ಲಿ. ಗಂಡನೇ ಇಲ್ಲದವಳು ಎಲ್ಲಿಗೆ ಹೋಗಬೇಕು? ಅಂಥವರಿಗಾಗಿಯೇ ತೈವಾನಿನಲ್ಲಿ ಕನ್ಯೆಯರ ಗುಡಿಗಳಿವೆ. ಸತ್ತ ಮಗಳಿಗೆ ಬದುಕಿರುವವನನ್ನೇ ತಂದು ಮದುವೆ ಮಾಡಿಸುವ ಪದ್ಧತಿಯೂ ಇತ್ತು. ದಾರಿಯಲ್ಲಿ ಕೆಂಪು ಲಕೋಟೆ ಇಟ್ಟು ಕಾಯುವುದು, ಎತ್ತಿಕೊಂಡವನೇ ಅಳಿಯ. ಈ 25 ಹುಡುಗಿಯರನ್ನು ಒಟ್ಟಿಗೆ ಒಂದೇ ಕಡೆ ಮಣ್ಣು ಮಾಡಿದರು. ಕಾಲ ಕಳೆದಂತೆ ಅದು ಹೆದರಿಕೆಯ ಜಾಗವಾಯಿತು. ಆ ರಸ್ತೆಯಲ್ಲಿ ರಾತ್ರಿ ಗಂಡಸರು ಸ್ಕೂಟರಿನಲ್ಲಿ ಹೋದರೆ ಇಂಜಿನ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ, ಆ ಹುಡುಗಿಯರು ಗಂಡ ಹುಡುಕುತ್ತಿದ್ದಾರೆ ಅಂತ ಜನ ಮಾತಾಡಿಕೊಂಡರು.

ಇದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ದುಡಿಯಲು ಹೊರಟು, ಜನ ತುಂಬಿದ ದೋಣಿಯಲ್ಲಿ ಮುಳುಗಿ ಸತ್ತವರು ಅವರು. ಅವರಿಗೆ ಏನಾದರೂ ಬೇಕಿದ್ದರೆ ಗಂಡ ಮಾತ್ರವೇ ಬೇಕಿತ್ತು ಅಂತ ಊರು ಹೇಗೆ ಅಂದುಕೊಂಡಿತು? ಇದೇ ಸಿಟ್ಟು ಅಲ್ಲಿನ ಮಹಿಳಾ ಸಂಘಟನೆಗಳಿಗೂ ಇತ್ತು. ಇವರು ಕೆಲಸದ ದಾರಿಯಲ್ಲಿ ಸತ್ತ ಕಾರ್ಮಿಕರು, ಹಾಗೆಂದೇ ಇವರನ್ನು ನೆನೆಯಬೇಕು ಅಂತ ವರ್ಷಗಟ್ಟಲೆ ಕೇಳಿದರು. 2008ರಲ್ಲಿ ಆ ಸಮಾಧಿಯ ಜಾಗಕ್ಕೆ ದುಡಿಯುವ ಮಹಿಳೆಯರ ಸ್ಮಾರಕ ಉದ್ಯಾನ ಅಂತ ಹೆಸರಾಯಿತು. ಜಿಚಾನ್ ಮಾಡಿದ್ದನ್ನೇ ಇವರೂ ಮಾಡಿದರು ಅಂತ ನನಗನ್ನಿಸುತ್ತದೆ. ಸೇರಲು ಜಾಗವಿಲ್ಲದವರಿಗೆ ಗಂಡನ ಮನೆಯೂ ಅಲ್ಲದ, ಅಪ್ಪನ ಮನೆಯೂ ಅಲ್ಲದ ಮೂರನೆಯ ಜಾಗವೊಂದನ್ನು ಹುಡುಕಿಕೊಟ್ಟರು.

ಸಿಟ್ಟು ಇಳಿದ ಮೇಲೆ ನಮ್ಮ ಮನೆಯದೇ ನೆನಪಾಯಿತು. ಅಜ್ಜಿಯ ತಂಗಿ ಕೂಸಾಗಿದ್ದಾಗಲೇ ತೀರಿಕೊಂಡವಳು. ಅವಳಿಗೆ ಎಷ್ಟೋ ವರ್ಷದ ಮೇಲೆ, ಹಾಗೆಯೇ ತೀರಿಹೋದ ಒಬ್ಬ ಹುಡುಗನನ್ನು ನೋಡಿ ಕುಲೆ ಮದುವೆ ಮಾಡಿಸಿದರು. ಮದುವೆಯಾಗದವರೂ ಮಕ್ಕಳೂ ಅದನ್ನು ನೋಡಬಾರದು. ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಎರಡು ಕುರ್ಚಿ. ಒಂದರ ಮೇಲೆ ಮಡಿಸಿದ ಸೀರೆ, ರವಿಕೆ ಕಣ, ಕರಿಮಣಿ. ಇನ್ನೊಂದರ ಮೇಲೆ ಪಂಚೆ, ಶಲ್ಯ. ಧಾರೆ ಎರೆಯುವಾಗ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಎಲ್ಲರಿಗೂ ಕೋಳಿ ಸುಕ್ಕ, ಇಡ್ಲಿ. 2024ರಲ್ಲಿ ನಮ್ಮ ಪುತ್ತೂರಿನ ಕುಟುಂಬವೊಂದು, ಮೂವತ್ತು ವರ್ಷ ಹಿಂದೆ ತೀರಿಹೋದ ಮಗಳಿಗೆ ಪ್ರೇತ ವರ ಬೇಕಾಗಿದ್ದಾನೆ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ದೇಶವೆಲ್ಲ ಅದನ್ನು ಹಂಚಿಕೊಂಡು ನಕ್ಕಿತು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷದ ಮೇಲೂ ಆ ಕೂಸಿನ ವಯಸ್ಸನ್ನು ಯಾರೋ ಲೆಕ್ಕ ಇಡುತ್ತಿದ್ದರು. ಚಿಜಿನ್‌ನ ಹುಡುಗಿಯರ ವಿಷಯದಲ್ಲಿ ಬಂದ ಸಿಟ್ಟು, ಅಜ್ಜಿಯ ಕಣ್ಣೀರು, ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಇವತ್ತಿಗೂ ಆಗಿಲ್ಲ.

ಇವತ್ತಿನ ನಗರಗಳಲ್ಲಿ ದೆವ್ವದ ಹೆದರಿಕೆ ಬಾಡಿಗೆ, ಬೆಲೆಗಳಲ್ಲೂ ಸೇರಿಕೊಂಡಿದೆ. ಕೊಲೆಯೋ ದುರ್ಮರಣವೋ ನಡೆದ ಫ್ಲ್ಯಾಟಿಗೆ ಹಾಂಗ್‌ಕಾಂಗ್‌ನಲ್ಲಿ ಬೇರೆಯೇ ಹೆಸರು, ಬೇರೆಯೇ ದರ. ಸಿಂಗಾಪುರದ ಬೀದಿಗಳಲ್ಲಿ ಈ ತಿಂಗಳು ಗೆತಾಯ್ ಅನ್ನುವ ಹಾಡು ಕುಣಿತದ ವೇದಿಕೆಗಳು ಏಳುತ್ತವೆ, ದೊಡ್ಡ ದೀಪಗಳು, ಅಬ್ಬರದ ಸ್ಪೀಕರುಗಳು. ಮೊದಲ ಸಾಲಿನ ಕುರ್ಚಿಗಳು ಖಾಲಿ. ಗೊತ್ತಿಲ್ಲದೆ ಕೂರಲು ಹೋದ ಪ್ರವಾಸಿಗಳನ್ನು ಯಾರಾದರೂ ಮೆಲ್ಲಗೆ ಎಬ್ಬಿಸುತ್ತಾರೆ. ಅಂಗಡಿಯಲ್ಲಿ, ಸತ್ತವರಿಗೆ ತಲುಪಲಿ ಅಂತ ಸುಡಲು ಕಾಗದದ ಫೋನು, ಕಾಗದದ ಕಾರು, ಕಾಗದದ ಅಂಗಿ ಸಿಗುತ್ತವೆ. ಒಂದು ಸಲ ಆಂಟಿ ಕಾಗದದ ಕನ್ನಡಕ ಕೊಂಡದ್ದು ನೋಡಿದೆ.

"ಯಾರಿಗೆ ಆಂಟಿ?"

"ಸಾ ಚೆಕ್‌ಗೆ. ಈಗ ಅವನಿಗೆ ನೂರು ದಾಟಿತಲ್ಲ, ಕಣ್ಣು ಮಂಜಾಗಿರುತ್ತೆ."

ಸಾ ಚೆಕ್ ಅಂದರೆ ಅಪ್ಪನ ತಮ್ಮ, ಮೂರನೆಯ ಚಿಕ್ಕಪ್ಪ. ಬ್ರಿಟಿಷರು 1942ರ ಫೆಬ್ರವರಿ 15ರಂದು ಸಿಂಗಾಪುರವನ್ನು ಜಪಾನೀಯರಿಗೆ ಒಪ್ಪಿಸಿದ ಮೂರು ದಿನಕ್ಕೆ, 18ರಿಂದ 50 ವರ್ಷದೊಳಗಿನ ಚೀನೀ ಗಂಡಸರೆಲ್ಲ ತಪಾಸಣೆಗೆ ಬರಬೇಕು ಅಂತ ಸೈನ್ಯದ ಆಜ್ಞೆಯಾಯಿತು. ಬಿಸಿಲಲ್ಲಿ ದಿನಗಟ್ಟಲೆ ಕೂರಿಸಿದರು. ಮುಸುಕು ಹಾಕಿದವರು ಬೆರಳು ತೋರಿಸಿದರೆ ಒಂದು ಸಾಲು, ತೋರಿಸದಿದ್ದರೆ ಇನ್ನೊಂದು. ಬಿಟ್ಟು ಕಳಿಸಿದವರ ಕೈಗೋ ಅಂಗಿಗೋ 'ಪರೀಕ್ಷಿಸಲಾಗಿದೆ' ಅನ್ನುವ ಮುದ್ರೆ. ಆಂಟಿಯ ಅಪ್ಪನಿಗೆ ತೋಳಿನ ಮೇಲೆ ಮುದ್ರೆ ಸಿಕ್ಕಿತು. ಅಳಿಸಿಹೋಗುತ್ತದೆ ಅಂತ ಎಷ್ಟೋ ದಿನ ಆ ಕೈಗೆ ನೀರು ಸೋಕಿಸಲಿಲ್ಲವಂತೆ. ಸಾ ಚೆಕ್ ಹತ್ತೊಂಬತ್ತು ವರ್ಷದವನು, ಓದಿದವನು, ಕನ್ನಡಕದವನು. ಅವನನ್ನು ಲಾರಿಗೆ ಹತ್ತಿಸಿದರು. ಲಾರಿಗಳು ಹೋದದ್ದು ಚಾಂಗಿ, ಪುಂಗೋಲ್, ಸಿಗ್ಲಾಪ್ ಕಡೆಯ ಕಡಲ ದಂಡೆಗಳಿಗೆ. ಆ ತಪಾಸಣೆಯಲ್ಲಿ ಕೊಲೆಯಾದವರು ಎಷ್ಟು ಅನ್ನುವುದಕ್ಕೆ ಜಪಾನೀಯರ ಲೆಕ್ಕ ಸುಮಾರು 5,000, ಇಲ್ಲಿನ ಚೀನೀಯರ ಲೆಕ್ಕ 50,000ದವರೆಗೆ.

ಇಪ್ಪತ್ತು ವರ್ಷದ ಮೇಲೆ, 1962ರಲ್ಲಿ, ಸಿಗ್ಲಾಪ್ ಕಡೆ ನೆಲ ಅಗೆಯುವಾಗ ರಾಶಿ ಮೂಳೆಗಳು ಸಿಕ್ಕವು. ಮರುವರ್ಷ ಲಕ್ಷಕ್ಕೂ ಹೆಚ್ಚು ಜನ ಸಿಟಿ ಹಾಲ್ ಎದುರು ಸೇರಿ ಜಪಾನಿನಿಂದ ಪರಿಹಾರ ಕೇಳಿದರು. ಅವರು ಬಳಸಿದ ಮಾತು 'ರಕ್ತದ ಸಾಲ'. ಲೀ ಗ್ವೇಯ್ ಕೇಳುವುದೂ ಅದನ್ನೇ. 1966ರಲ್ಲಿ ಜಪಾನ್ ಅರ್ಧ ಅನುದಾನ, ಅರ್ಧ ಸಾಲವಾಗಿ ಇಲ್ಲಿನ 5 ಕೋಟಿ ಡಾಲರ್ ಕೊಡಲು ಒಪ್ಪಿತು. ಬೀಚ್ ರೋಡಿನ ಉದ್ಯಾನದಲ್ಲಿ ನಾಲ್ಕು ಬಿಳಿ ಕಂಬಗಳ ಸ್ಮಾರಕ ಎದ್ದಿತು, 1967ರ ಫೆಬ್ರವರಿ 15ರಂದು ಅನಾವರಣವಾಯಿತು. ಅದರ ಅಡಿಯಲ್ಲಿ, ಅಗೆದಾಗ ಸಿಕ್ಕ ಮೂಳೆಗಳನ್ನು ತುಂಬಿದ 600ಕ್ಕೂ ಹೆಚ್ಚು ಕುಂಡಗಳಿವೆ. ಯಾರ ಮೂಳೆ ಯಾವುದರಲ್ಲಿ ಅಂತ ಹೆಸರಿಲ್ಲ.

"ಅಲ್ಲಿಗೆ ಹೋಗಿ ಇಡಬಹುದಲ್ಲ ಆಂಟಿ?" ಅಂತ ಕೇಳಿದ್ದೆ.

"ಹೋಗ್ತೇನೆ. ಆದರೆ ಅವನು ಅಲ್ಲೇ ಇದ್ದಾನೆ ಅಂತ ಹೇಗೆ ಗೊತ್ತು? ದಾರಿ ಹುಡುಕ್ತಾ ಇನ್ನೂ ನಡೀತಾ ಇದ್ದರೆ? ಅದಕ್ಕೇ ರಸ್ತೆ ಪಕ್ಕದಲ್ಲೂ ಇಡ್ತೇನೆ."

ಆ ಚಿಕ್ಕಪ್ಪನಿಗೆ ಮದುವೆಯಾಗಿರಲಿಲ್ಲ, ಮಕ್ಕಳಿಲ್ಲ. ಆಂಟಿ ಅವನ ಮುಖ ನೋಡಿದ ನೆನಪಿಲ್ಲ, ಆಗ ಅವರು ತೊಟ್ಟಿಲ ಕೂಸು. ಅವರಿಗೂ ಮಕ್ಕಳಿಲ್ಲ. ಈ ಮಾತನ್ನು ಅವರು ಅವತ್ತು ಹೇಳಲಿಲ್ಲ, ನಾನೂ ಎತ್ತಲಿಲ್ಲ. ಮೆಟ್ಟಿಲು ಹತ್ತುವಾಗ ನಮ್ಮಿಬ್ಬರ ತಲೆಯಲ್ಲೂ ಅದೇ ಇತ್ತು ಅಂತ ಈಗಲೂ ಅನ್ನಿಸುತ್ತದೆ.

ಈ ವರ್ಷ ಆಂಟಿಯ ಮೊಣಕಾಲು ಪೂರ್ತಿ ಕೈಕೊಟ್ಟಿದೆ. ಹದಿನೈದನೇ ದಿನ ಸಂಜೆ ನನ್ನ ಬಾಗಿಲು ತಟ್ಟಿದರು. ಕೈಯಲ್ಲಿ ತಟ್ಟೆ, ಅನ್ನ, ತೋಫು, ಮೂರು ಕಿತ್ತಳೆ. "ಗರ್ಲ್, ಇದನ್ನು ಕೆಳಗೆ ಇಟ್ಟು ಬರ್ತೀಯಾ? ನಾನು ಮೇಲಿಂದ ನೋಡ್ತಾ ಇರ್ತೇನೆ."

ಮಳೆ ಬಂದು ನಿಂತಿತ್ತು, ಹುಲ್ಲು ಒದ್ದೆ. ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ತಟ್ಟೆ ಇಟ್ಟೆ. ಬಟ್ಟಲಿಗೆ ಚಹಾ ಸುರಿದೆ. ಊದುಕಡ್ಡಿ ಹೊತ್ತಿಕೊಳ್ಳಲು ನಾಲ್ಕು ಕಡ್ಡಿ ಗೀರಬೇಕಾಯಿತು. ಆಮೇಲೆ ಏನು ಹೇಳಬೇಕು ಅಂತ ತಿಳಿಯದೆ ತಲೆಯೆತ್ತಿ ನೋಡಿದೆ. ಮೂರನೇ ಮಹಡಿಯ ಮೊಗಸಾಲೆಯಿಂದ ಆಂಟಿ ಬಾಗಿ ಕೂಗಿದರು, "ಬಾನ್ ಬಾನ್ ಚಿಯಾ, ಅನ್ನು!"

ನಿಧಾನಕ್ಕೆ ತಿನ್ನಿ ಅಂತ.

ನಾನು ಹಾಗೇ ಅಂದೆ. ಆಮೇಲೆ, ಅಜ್ಜಿ ಒಳಕೋಣೆಯ ಬಾಗಿಲು ಮುಂದೆ ಮಾಡುವಾಗ ಹೇಳುತ್ತಿದ್ದ ಹಾಗೆ, "ಮೆಲ್ಲ ಉಣ್ಣಿ" ಅಂತಲೂ ಅಂದು, ಕಾಲು ತಗುಲದಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.